ಸಿಡಿಲಿನ ಫೋಟೋ ಮತ್ತು ತೆರೆದ ಜೀಪು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಗುಡುಗು-ಮಿಂಚಿನ ಬೆನ್ನುಹತ್ತಿ ತಿರುಗುವ ಹುಡುಗರ ಬಗ್ಗೆ ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಬರಹ ಚೆನ್ನಾಗಿತ್ತು. ಫೋಟೋ ನೋಡಿದಾಗ ಮಾತ್ರ ಚಹಾ ಗಂಟಲಲ್ಲೇ ನಿಂತಿತು. ತೆರೆದ ಜೀಪು, ಅದರ ಬಾನೆಟ್ ಮೇಲೆ ಟ್ರೈಪಾಡ್ ಹಿಡಿದು ನಿಂತ ಇಬ್ಬರು, ಹಿಂದೆ ಕರಿ ಮೋಡ.

ನಾನು ಇಂಡಿ ತಾಲ್ಲೂಕಿನವನು. 31 ವರ್ಷದಿಂದ ಪುಣೆಯ ದಾಪೋಡಿಯಲ್ಲಿ ಗ್ಯಾರೇಜ್ ನಡೆಸುತ್ತಿದ್ದೇನೆ. ಹೋದ ಮಾರ್ಚ್‌ನಲ್ಲಿ ನನ್ನ ಅಕ್ಕನ ಮಗನೇ ಇಂಥದೊಂದು ಕ್ಯಾನ್ವಾಸ್ ಹುಡ್ಡಿನ ಹಳೆ ಜೀಪು ತಂದು ನಿಲ್ಲಿಸಿದ. ಇಲ್ಲೇ ಇಂಜಿನಿಯರಿಂಗ್ ಓದುತ್ತಾನೆ.

"ಮಾಮಾ, ಮುಂದ ಬುಲ್ ಬಾರ್, ಮ್ಯಾಲೆ ಲೈಟ್ ಬಾರ್, ಮತ್ತ ಗಾಡಿ ನಾಕ್ ಇಂಚು ಎತ್ತರ ಮಾಡಿಕೊಡ್ರಿ."

"ಯಾತಕ್ಕಪಾ?"

"ವಳೀವ ಮಳಿ ಹಿಂದ ಹೋಗಾಕ."

ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗಿಕೊಂಡು ಬರುವ ಮಳೆಗೆ ಇಲ್ಲಿ ವಳೀವ ಎನ್ನುತ್ತಾರೆ. ನಮ್ಮೂರ ಕಡೆ ಅದೇ ಅಶ್ವಿನಿ, ಭರಣಿ. "ಭರಣಿ ಮಳೆ ಧರಣಿಗೆಲ್ಲ ಬೆಳೆ" ಎಂದು ಕಾಯುತ್ತಾ ಕೂತ ಮನೆತನದಲ್ಲಿ ಅದರ ಬೆನ್ನುಹತ್ತುವವನು ಹುಟ್ಟಿದ್ದು ಇದೇ ಮೊದಲು.

ಅವನು ಕೇಳಿದ್ದರಲ್ಲಿ ಒಂದನ್ನೂ ನಾನು ಮಾಡಲಿಲ್ಲ. ಕಂಪನಿ ಮಾಡಿಕೊಟ್ಟ ರೂಪ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಬಂಪರಿನ ಮುಂದೆ ಕೂಡಿಸುವ ಬುಲ್ ಬಾರ್ ಬೇಡವೆಂದು ಕೇಂದ್ರ ಸಾರಿಗೆ ಇಲಾಖೆ 2017ರಲ್ಲೇ ಹೇಳಿತ್ತು. ಕಾನೂನು ಬಿಡಿ, ಜೋರು ಮಳೆಯಲ್ಲಿ ಲೈಟ್ ಬಾರ್ ಹಚ್ಚಿ ನೋಡಿ. ಬೆಳಕು ಹನಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. ಎತ್ತರ ಮಾಡಿಸಿದ ಜೀಪಂತೂ ಅಡ್ಡಗಾಳಿಗೆ ತೊಟ್ಟಿಲಿನ ಹಾಗೆ ತೂಗುತ್ತದೆ.

ಕ್ಯಾನ್ವಾಸಿನದು ಇನ್ನೂ ದೊಡ್ಡ ತಕರಾರು. ಸಿಡಿಲಿನಿಂದ ಕಾರು ಕಾಪಾಡುವುದು ಸುತ್ತಲಿರುವ ತಗಡಿನಿಂದ. ಕರೆಂಟು ಹೊರಮೈಯಲ್ಲೇ ಹರಿದು ನೆಲಕ್ಕೆ ಇಳಿಯುತ್ತದೆ. ಟಯರಿನ ರಬ್ಬರ್ ಕಾಯುತ್ತದೆ ಎಂದು ನಂಬಿದವರು ಬಹಳ. ಮುಗಿಲಿನಿಂದ ಅಷ್ಟು ದೂರ ಹಾರಿ ಬಂದದ್ದಕ್ಕೆ ಒಂದು ಗೇಣು ರಬ್ಬರ್ ಯಾವ ಲೆಕ್ಕ? ಬಟ್ಟೆಯ ಹುಡ್ಡು ಸಿಡಿಲಿಗೂ ಆಗದು, ಆಲಿಕಲ್ಲಿಗೂ ಆಗದು.

ಜೀಪು ಮಾರಿಸಿ ಒಂದು ಹಳೆ ಡೀಸೆಲ್ ಬ್ರೆಝಾ ಕೊಡಿಸಿದೆ. ತಗಡಿನ ಟಾಪು, ಸನ್‌ರೂಫ್ ಇಲ್ಲ, ನೆಲದಿಂದ ಸುಮಾರು 20 ಸೆಂಟಿಮೀಟರ್ ಎತ್ತರ. ಎಲ್ಲಕ್ಕಿಂತ ಹೆಚ್ಚಾಗಿ, ಭಾನುವಾರ ಸಂಜೆ ದೌಂಡ್‌ನಲ್ಲೋ ಇಂದಾಪುರದಲ್ಲೋ ಕೆಟ್ಟು ನಿಂತರೂ ಅದರ ಸಾಮಾನು ಸಿಗುತ್ತದೆ, ಬಿಚ್ಚಲು ಬಲ್ಲವನೂ ಸಿಗುತ್ತಾನೆ. ಫೋರ್ ವೀಲ್ ಡ್ರೈವ್ ಬೇಕಿತ್ತೆಂದು ಅಳಿಯ ಮುಖ ಊದಿಸಿಕೊಂಡ. ಭೀಗವಣದ ಆಚೆ ಎರೆಮಣ್ಣು. ಮಳೆ ಬಿದ್ದ ಹತ್ತು ನಿಮಿಷಕ್ಕೆ ಟಯರಿನ ಗೀರೆಲ್ಲ ಮೆತ್ತಿ ಗಾಲಿ ಬೋಳಾಗುತ್ತದೆ. ಎರಡು ಗಾಲಿ ತಿರುಗಿದರೇನು, ನಾಲ್ಕು ತಿರುಗಿದರೇನು? ಡಾಂಬರು ಬಿಟ್ಟು ಇಳಿಯಬೇಡ ಎಂದೆ.

ಆ ಬ್ರೆಝಾದ ಟಯರಿನಲ್ಲಿ ಗೀರು ಚೆನ್ನಾಗಿಯೇ ಇತ್ತು. ಟಯರಿನ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿ ತೋರಿಸಿ ಇದೇನು ಎಂದು ಕೇಳಿದೆ. "ಸೈಜ್ ಇರಬೇಕ್ರಿ" ಎಂದ. 1116 ಎಂದಿತ್ತು. 2016ನೇ ಇಸವಿಯ 11ನೇ ವಾರ ತಯಾರಾದದ್ದು. ಉಗುರು ಒತ್ತಿದರೆ ಒಣಗಿದ ಚಪ್ಪಲಿಯಟ್ಟೆಯ ಹಾಗೆ, ಒಂಚೂರೂ ತಗ್ಗುವುದಿಲ್ಲ. ಅಂಥ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಗೀರು 1.6 ಮಿಲಿಮೀಟರ್ ಇದ್ದರೆ ಕಾನೂನಿಗೆ ಸಾಕು, ಮಳೆಯ ಬೆನ್ನುಹತ್ತುವವರು 3ಕ್ಕೇ ಬದಲಿಸಿ. ಲೈಟ್ ಬಾರಿಗೆಂದು ಕೂಡಿಸಿದ್ದ ದುಡ್ಡು ನಾಲ್ಕು ಹೊಸ ಟಯರು ಮತ್ತು ವೈಪರ್ ರಬ್ಬರಿಗೆ ಹೋಯಿತು.

ಮಿಕ್ಕದ್ದು ಸಣ್ಣಪುಟ್ಟದ್ದು. ಸ್ಟೆಪ್ನಿಯಲ್ಲಿ ಗಾಳಿ, ಜಾಕು, ಎಳೆಯುವ ಹಗ್ಗ, ಟಾರ್ಚು, ಕುಡಿಯುವ ನೀರು, ಅರ್ಧಕ್ಕಿಂತ ಕಡಿಮೆಯಾಗದ ಡೀಸೆಲ್. ಗಾಜು ಒಡೆಯುವ ಸುತ್ತಿಗೆ ಡಿಕ್ಕಿಯಲ್ಲಿದ್ದು ಪ್ರಯೋಜನವಿಲ್ಲ, ಡ್ರೈವರನ ಕೈಗೆ ಸಿಗಬೇಕು. ಹೊಡೆಯುವುದು ಪಕ್ಕದ ಗಾಜಿನ ಮೂಲೆಗೆ. ಮುಂದಿನ ಗಾಜಿಗೆ ಎರಡು ಪದರದ ನಡುವೆ ಪ್ಲಾಸ್ಟಿಕ್ ಇರುತ್ತದೆ, ಬಿರುಕು ಬಿಡುತ್ತದೆ ಹೊರತು ದಾರಿ ಬಿಡುವುದಿಲ್ಲ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿದಾಗ ಲಾಕ್ ತೆರೆಯಲಾಗದೆ ಕಾರಿನೊಳಗೇ ಸತ್ತವರಿದ್ದರು.

ನೀರಿನ ಮಾತು ಬಂದಾಗ ನನಗೆ ನೆನಪಾಗುವುದು 2019ರ ಸೆಪ್ಟೆಂಬರ್ 25ರ ರಾತ್ರಿ. ಇಲ್ಲಿ ಪುಣೆಯಲ್ಲಿ ಕಾತ್ರಜ್ ಕಡೆಯಿಂದ ಬರುವ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಜನ ಹೋದರು, ಗಾಡಿಗಳು ಒಂದರ ಮೇಲೊಂದು ಬಿದ್ದವು. ಆ ವಾರ ನನ್ನಲ್ಲಿಗೆ ಬಂದ ಒಂದು ಕಾರಿನ ಪ್ಲಗ್ ಬಿಚ್ಚಿ ಇಂಜಿನ್ ತಿರುಗಿಸಿದರೆ ಕಾರಂಜಿಯ ಹಾಗೆ ಮಣ್ಣುನೀರು ಚಿಮ್ಮಿತು. ಒಳಗೆ ಪಿಸ್ಟನ್ನನ್ನು ದೂಡುವ ಕನೆಕ್ಟಿಂಗ್ ರಾಡ್ ಬಾಗಿತ್ತು. ಗಾಡಿ ನೀರಲ್ಲಿ ನಿಂತದ್ದು ಅದಕ್ಕೆ ಕಾರಣವಲ್ಲ, ನಿಂತ ಮೇಲೆ ಮಾಲೀಕ ಮೂರು ಸಲ ಸೆಲ್ಫ್ ಹೊಡೆದಿದ್ದ. ಇಂಜಿನ್ ಗಾಳಿಯನ್ನು ಒತ್ತಬಲ್ಲದು, ನೀರನ್ನು ಒತ್ತಲಾರದು. ನೀರಲ್ಲಿ ಗಾಡಿ ಬಂದ್ ಆದರೆ ಚಾವಿ ಮುಟ್ಟದೆ ಇಳಿದು ಬನ್ನಿ. ಹರಿಯುವ ನೀರಿಗೆ ಇಳಿಸಲೇಬೇಡಿ. ಒಂದಡಿ ಸಾಕು ಸಣ್ಣ ಕಾರು ತೇಲಲು, ಎರಡಡಿಗೆ ದೊಡ್ಡವೂ ಹೋಗುತ್ತವೆ.

ಅಳಿಯ ಅಮೆರಿಕದ ವಿಡಿಯೋ ತೋರಿಸಿ, ಅಲ್ಲಿ ಟ್ಯಾಂಕಿನಂಥ ಗಾಡಿ ಇರುತ್ತವೆ ಎಂದ. ಹೌದಪ್ಪ. 2013ರ ಮೇ 31ರಂದು ಓಕ್ಲಹೋಮಾದ ಎಲ್ ರೀನೋ ಹತ್ತಿರ ಟಿಮ್ ಸಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಸುಂಟರಗಾಳಿಗೆ ಸಿಕ್ಕು ಸತ್ತರು. ಈ ಕೆಲಸದಲ್ಲಿ ನುರಿತವರು, ಹುಷಾರಿನವರೆಂದು ಹೆಸರಾದವರು. ಅವರದು ಸಣ್ಣ ಕಾರು. ಅದೇ ಗಾಳಿ ಒಂದು ಟಿವಿ ತಂಡದ ದೊಡ್ಡ ಎಸ್‌ಯುವಿಯನ್ನೂ ಸುಮಾರು 200 ಗಜ ಎಸೆಯಿತು. ಆ ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿ ನಾಲ್ಕು ಕಿಲೋಮೀಟರ್ ಅಗಲಕ್ಕೆ ಹಿಗ್ಗಿತ್ತು. ದೂರ ಇದ್ದವರು ಉಳಿದರು.

ನಮ್ಮಲ್ಲಿ ಅಂಥ ಸುಂಟರಗಾಳಿ ಇಲ್ಲ, ಗಾಡಿ ನಿಲ್ಲಿಸುವ ಜಾಗವೇ ನಮ್ಮವರನ್ನು ಕೊಲ್ಲುತ್ತದೆ. 2024ರ ಮೇ 13ರ ಧೂಳುಗಾಳಿಗೆ ಮುಂಬೈಯ ಘಾಟ್‌ಕೋಪರ್‌ನಲ್ಲಿ ಪೆಟ್ರೋಲ್ ಪಂಪಿನ ಮೇಲೆ ಬಿದ್ದ ಜಾಹೀರಾತು ಫಲಕ 17 ಜನರನ್ನು ತೆಗೆದುಕೊಂಡಿತು. ಫಲಕದಡಿ, ಗುಲ್ಮೊಹರಿನಡಿ, ವಿದ್ಯುತ್ ತಂತಿಯಡಿ ಗಾಡಿ ನಿಲ್ಲಿಸಬೇಡಿ. ದಿವೆ ಘಾಟಿನಂಥ ಕಡೆಯೂ ಬೇಡ, ಮುಂದೊಂದು ಮರ ಬಿದ್ದರೆ ತಿರುಗಿಸಲು ಜಾಗವಿಲ್ಲ. ಬಯಲಲ್ಲಿ, ಎರಡು ಕಡೆ ರಸ್ತೆ ಇರುವಲ್ಲಿ, ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ.

ಒಬ್ಬನೇ ಹೋಗುವುದಿಲ್ಲವೆಂದು ಅಳಿಯ ಅವರವ್ವನ ಮುಂದೆ ಆಣೆ ಮಾಡಿದ್ದಾನೆ. ಗಾಡಿ ಓಡಿಸುವವನು ರಸ್ತೆ ನೋಡಬೇಕು, ಮುಗಿಲು ಮತ್ತು ಮೊಬೈಲು ಪಕ್ಕದವನ ಪಾಲು. ಇಲ್ಲೇ ಪುಣೆಯ ಪಾಷಾಣ್ ಬಡಾವಣೆಯ ಹವಾಮಾನ ಸಂಸ್ಥೆಯವರು ಮಾಡಿದ 'ದಾಮಿನಿ' ಆ್ಯಪ್ 20 ಮತ್ತು 40 ಕಿಲೋಮೀಟರ್ ಒಳಗಿನ ಸಿಡಿಲು ತೋರಿಸುತ್ತದೆ. ಗುಡುಗು ಕಿವಿಗೆ ಬಿತ್ತೆಂದರೆ ಕಾರೊಳಗೆ ಕೂತು ಗಾಜು ಏರಿಸುವುದು, ಕಡೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಇಳಿಯದಿರುವುದು.

ಸಂಪಾದಕರೇ, ನೀವು ಹಾಕಿದ ಫೋಟೋ ನೋಡಿ ಇನ್ನೂ ಹತ್ತು ಹುಡುಗರು ಬಾನೆಟ್ ಹತ್ತುತ್ತಾರೆ. ಅಳಿಯ ಹೋದ ವಾರ ಭೀಗವಣದ ಆಚೆ ರಸ್ತೆಬದಿಯ ಢಾಬಾದ ಸಿಮೆಂಟ್ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಗಾಜು ಏರಿಸಿಕೊಂಡು ತೆಗೆದದ್ದು ಒಂದಿದೆ. ಉಜನಿ ಹಿನ್ನೀರಿನ ಆಚೆ ಎರಡು ಕವಲಿನ ಮಿಂಚು. ಬೇಕಿದ್ದರೆ ಕಳಿಸುತ್ತೇನೆ. ಎಡಗಡೆ ವೈಪರ್ ಕಡ್ಡಿ ಅಡ್ಡ ಬಂದಿದೆ, ಅದನ್ನು ಕತ್ತರಿಸದೆ ಹಾಕಿ.

ಇಂತಿ ನಿಮ್ಮ ಓದುಗ,
ಒಬ್ಬ ಗ್ಯಾರೇಜಿನವ
ದಾಪೋಡಿ, ಪುಣೆ