ಶಾರ್ಟ್ ಸರ್ಕ್ಯೂಟ್ ಮೇಲೆ ಗೂಬೆ ಕೂರಿಸುವ ಮೊದಲು

ಸಂಪಾದಕರಿಗೆ ನಮಸ್ಕಾರ.

ನಾನೊಬ್ಬ ವೈರ್‌ಮನ್. 34 ವರ್ಷದಿಂದ ಇದೇ ಕೆಲಸ. ಪೇಪರಿಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ಆಂಪ್ ಲೆಕ್ಕಕ್ಕೆ, ಅಂದರೆ ಕರೆಂಟಿನ ಅಳತೆಗೆ, ಮಾತ್ರ ಕತ್ತರಿ ಹಾಕಬೇಡಿ.

ಎಲ್ಲಾದರೂ ಮನೆಗೋ ಅಂಗಡಿಗೋ ಬೆಂಕಿ ಬಿತ್ತು ಅಂದರೆ ಸುದ್ದಿಯ ಕೊನೆಗೆ ಒಂದು ಸಾಲು ಇದ್ದೇ ಇರುತ್ತದೆ. 'ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹೊತ್ತಿಕೊಂಡಿರಬಹುದು ಎಂದು ಶಂಕಿಸಲಾಗಿದೆ.' ನಿಮ್ಮ ಪತ್ರಿಕೆ ಒಂದೇ ಅಂತಲ್ಲ, ಎಲ್ಲರೂ ಹೀಗೇ ಬರೆಯುತ್ತಾರೆ. ಅಲ್ಲಿಗೆ ಸುದ್ದಿ ಮುಗಿಯಿತು. ಓದಿದವರು 'ಪಾಪ, ಕರೆಂಟು ನೋಡಿ, ಯಾರೇನು ಮಾಡೋಕಾಗುತ್ತೆ' ಅಂದುಕೊಂಡು ಪುಟ ತಿರುಗಿಸುತ್ತಾರೆ. ನನಗೆ ಮಾತ್ರ ಆ ಸಾಲು ಓದಿದಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ. ಶಾರ್ಟ್ ಆಯ್ತು, ಸರಿ. ಅಷ್ಟೊತ್ತೂ ಎಂಸಿಬಿ ಏನು ಮಾಡುತ್ತಿತ್ತು? ಎಂಸಿಬಿ ಅಂದರೆ ಕರೆಂಟು ಜಾಸ್ತಿಯಾದರೆ ತಾನೇ ಬಿದ್ದು ಲೈನು ಕಡಿಯುವ ಪುಟ್ಟ ಬ್ರೇಕರ್.

ಯಾಕೆ ಕೇಳುತ್ತೇನೆ ಅಂದರೆ, ಶಾರ್ಟ್ ಅನ್ನು ಹಿಡಿಯೋಕೆ ಅಂತಲೇ ಆ ಡಬ್ಬಿಯನ್ನು ಅಲ್ಲಿ ಕೂರಿಸಿರುವುದು. ಕರೆಂಟು ತರುವ ಫೇಸ್ ವೈರು ಅದನ್ನು ಹಿಂದಕ್ಕೆ ಒಯ್ಯುವ ನ್ಯೂಟ್ರಲ್‌ಗೆ ನೇರವಾಗಿ ತಾಗಿದರೆ ನೂರಾರು ಆಂಪ್ ಒಮ್ಮೆಗೇ ನುಗ್ಗುತ್ತದೆ. ಎಂಸಿಬಿ ಒಳಗೆ ದಪ್ಪ ತಾಮ್ರದ ಒಂದು ಸುರುಳಿ ಇದೆ. ಅಷ್ಟು ಕರೆಂಟು ಹರಿದ ಕೂಡಲೇ ಅದು ಬಲವಾದ ಅಯಸ್ಕಾಂತವಾಗಿ ಒಳಗಿನ ಕಡ್ಡಿಯನ್ನು ಎಳೆಯುತ್ತದೆ, ಕಡ್ಡಿ ಹೋಗಿ ಕೊಂಡಿಗೆ ಗುದ್ದುತ್ತದೆ, ಎಂಸಿಬಿ ಟಪ್ ಅಂತ ಬೀಳುತ್ತದೆ. ಸೆಕೆಂಡಿನ ನೂರನೇ ಒಂದು ಪಾಲಿನಷ್ಟು ಹೊತ್ತು ಸಾಕು. ಸರಿಯಾದ ಎಂಸಿಬಿಯನ್ನು ಸರಿಯಾದ ವೈರಿಗೆ ಹಾಕಿದ್ದರೆ ಇಂಥ ಶಾರ್ಟು ಒಂದು ಕಿಡಿ, ಒಂದು ಮಸಿ ಗುರುತಿಗೇ ಮುಗಿಯಬೇಕು. ಸಾಮಾನ್ಯವಾಗಿ ಮುಗಿಯುತ್ತದೆ ಕೂಡ. ಅದು ಪೇಪರಿಗೆ ಬರುವುದಿಲ್ಲ ಅಷ್ಟೇ.

ಇನ್ನೊಂದು ವಿಷಯವೂ ಇದೆ. ಬೇರೆ ಯಾವುದರಿಂದಲೋ ಬೆಂಕಿ ಹತ್ತಿದರೂ ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸಿಪ್ಪೆ ಕರಗಿ ಒಳಗಿನ ತಾಮ್ರ ಒಂದಕ್ಕೊಂದು ತಾಗುತ್ತದೆ. ಆಗಲೂ ಶಾರ್ಟೇ. ಆಮೇಲೆ ಬಂದು ನೋಡಿದವರಿಗೆ ಕರಗಿ ಅಂಟಿಕೊಂಡ ತಾಮ್ರದ ಗುಂಡು ಕಾಣುತ್ತದೆ. ಅದು ಬೆಂಕಿಯ ತಾಯಿಯೋ ಮಗುವೋ ಅಂತ ಹೇಳೋದು ಸುಲಭವಿಲ್ಲ. ಮರುದಿನ ಬೆಳಿಗ್ಗೆಯ ಪೇಪರಿಗೆ ಹೇಳುವುದಂತೂ ಆಗದ ಮಾತು.

ನಾನು ಈ ಕೆಲಸ ಕಲಿತದ್ದು ಪಿಂಗಾಣಿ ಫ್ಯೂಸಿನ ಕಾಲದಲ್ಲಿ. ನಾವು ಕಿಟ್‌ಕ್ಯಾಟ್ ಅಂತಿದ್ದೆವು. ಜಾಸ್ತಿ ಕರೆಂಟು ಹರಿದರೆ ಅದರೊಳಗೆ ಕಟ್ಟಿದ ತೆಳು ವೈರು ಕರಗಿ ಲೈನು ಕಡಿಯುತ್ತದೆ. ಆಗ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಕೆಲಸಕ್ಕೆ ಸೇರಿ ಆರು ತಿಂಗಳಾಗಿರಬಹುದು. ಒಂದು ಮನೆಯಲ್ಲಿ ಸಂಜೆ ಹೊತ್ತು ಫ್ಯೂಸ್ ಹೋಯಿತು. ಕಟ್ಟಿದೆ. ಹತ್ತು ನಿಮಿಷಕ್ಕೆ ಮತ್ತೆ ಹೋಯಿತು. ಮತ್ತೆ ಕಟ್ಟಿದೆ, ಮತ್ತೆ ಹೋಯಿತು. ಮನೆಯವರಿಗೆ ಬೇಸರ, ನನಗೆ ಅವಮಾನ. ಚೀಲದಲ್ಲಿ ಫ್ಯೂಸ್ ವೈರು ಬೇರೆ ಮುಗಿದಿತ್ತು. ಹಳೇ ಫ್ಲೆಕ್ಸಿಬಲ್ ವೈರಿನಿಂದ ಮೂರು ಎಳೆ ತೆಗೆದು ಹುರಿ ಮಾಡಿ ಕಟ್ಟಿಬಿಟ್ಟೆ. ಆಮೇಲೆ ಫ್ಯೂಸ್ ಹೋಗಲೇ ಇಲ್ಲ. ಹುಡುಗ ಚುರುಕಾಗಿದ್ದಾನೆ ಅಂತ ಮನೆಯವರು ಹೊಗಳಿದರು.

ಮರುದಿನ ನಮ್ಮ ಮೇಸ್ತ್ರಿ ಬಂದು ಫ್ಯೂಸ್ ಕಿತ್ತು ನೋಡಿದರು. ಬೈಯಲಿಲ್ಲ. ಬೋರ್ಡು ಬಿಚ್ಚಿ ಹಿಂದಿನ ವೈರು ಮುಟ್ಟು ಅಂದರು. ಬೆಚ್ಚಗಿತ್ತು. ಕರೆಂಟು ತೆಗೆದು ಆಗಲೇ ಹತ್ತು ನಿಮಿಷವಾಗಿತ್ತು, ಆದರೂ ಬೆಚ್ಚಗಿತ್ತು. 'ಲೈನಿನಲ್ಲಿ ಎಲ್ಲಕ್ಕಿಂತ ಸೊರಗಿದ ಜಾಗ ಯಾವುದೋ ಅದೇ ಫ್ಯೂಸು. ನೀನು ಇಲ್ಲಿ ಹಗ್ಗ ಕಟ್ಟಿದ್ದೀಯ. ಈಗ ಫ್ಯೂಸು ಇಲ್ಲಿಲ್ಲ ಮಗಾ, ಗೋಡೆಯೊಳಗಿದೆ' ಅಂದರು.

ಫ್ಯೂಸಿನ ಉಪಾಯ ತುಂಬ ಹಳೆಯದು. ಎಡಿಸನ್ 1880ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಕೈಯಿಂದ ಮತ್ತೆ ಮೇಲೆತ್ತಬಹುದಾದ ಪುಟ್ಟ ಬ್ರೇಕರಿಗೆ ಜರ್ಮನಿಯ ಹ್ಯೂಗೊ ಸ್ಟೋಟ್ಸ್ ಪೇಟೆಂಟ್ ಪಡೆದದ್ದು 1924ರಲ್ಲಿ. ಫ್ಯೂಸಿಗೆ ಹಗ್ಗ ಕಟ್ಟುವ ನನ್ನಂಥವರ ಕೈಗೆ ಎಂಸಿಬಿ ಬಂದಮೇಲೆ ಬೀಗ ಬೀಳಬೇಕಿತ್ತು. ಬಿದ್ದಿಲ್ಲ. ಈಗ ಎಳೆ ಹುರಿ ಮಾಡುವ ಬದಲು ದೊಡ್ಡ ಎಂಸಿಬಿ ತಂದು ಹಾಕುತ್ತಾರೆ.

ಕಳೆದ ವರ್ಷ ಒಂದು ಮನೆಯವರು ವಾಸನೆ ಬರುತ್ತಿದೆ ಅಂತ ಕರೆದರು. ಸುಟ್ಟ ವಾಸನೆಯಲ್ಲ, ಮೀನು ಕೆಟ್ಟ ಹಾಗೆ ಅಂದರು. ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆಯನ್ನು ಎಷ್ಟೋ ಜನ ಹಾಗೇ ಹೇಳುತ್ತಾರೆ. ವಿಚಾರಿಸಿದೆ. ಆ ಲೈನಿನಲ್ಲಿ ಮೊದಲು ಬರೀ ಲೈಟು, ಫ್ಯಾನು. 1.5 ಚದರ ಮಿಲಿಮೀಟರಿನ ವೈರು, 16 ಆಂಪ್ ಎಂಸಿಬಿ. ಆಮೇಲೆ ಅದಕ್ಕೇ ಎಸಿ ಬಂತು. ಆಮೇಲೆ ಗೀಸರ್. ಇಸ್ತ್ರಿ ಪೆಟ್ಟಿಗೆಯೂ ಅಲ್ಲಿಗೇ. ಮೂರೂ ಒಟ್ಟಿಗೆ ಓಡಿದರೆ ಮುಕ್ಕಾಲು ಗಂಟೆಗೆ ಎಂಸಿಬಿ ಬೀಳುತ್ತಿತ್ತು. ಯಾರೋ ಬಂದು 16 ತೆಗೆದು 32 ಹಾಕಿ ಹೋಗಿದ್ದಾರೆ. ಬೀಳುವುದು ನಿಂತಿತು. ಮೂರು ತಿಂಗಳು ಎಲ್ಲರೂ ಖುಷಿ.

ಈಗ ಲೆಕ್ಕ ನೋಡಿ. 230 ವೋಲ್ಟಿನಲ್ಲಿ ಎಸಿಗೆ ಸುಮಾರು 8 ಆಂಪ್, 2000 ವಾಟಿನ ಗೀಸರಿಗೆ 9ರ ಹತ್ತಿರ, ಇಸ್ತ್ರಿಗೆ ನಾಲ್ಕೂವರೆ. ಒಟ್ಟು 22ರ ಹತ್ತಿರ. ಪೈಪಿನೊಳಗಿನ 1.5ರ ವೈರು ಹೊರುವುದು ಸುಮಾರು 15. ಕರೆಂಟು ಎರಡು ಪಟ್ಟಾದರೆ ಬಿಸಿ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. 15ರ ಜಾಗದಲ್ಲಿ 22 ಹರಿದರೆ ಬಿಸಿ ಎರಡು ಪಟ್ಟು ದಾಟುತ್ತದೆ. ಸಾಮಾನ್ಯ ಪಿವಿಸಿ ತಡೆಯುವುದು 70 ಡಿಗ್ರಿವರೆಗೆ.

ಎಂಸಿಬಿ ಒಳಗೆ ಸುರುಳಿಯ ಜತೆ ಎರಡು ಲೋಹ ಬೆಸೆದ ಒಂದು ಪಟ್ಟಿಯೂ ಇರುತ್ತದೆ. ಜಾಸ್ತಿ ಕರೆಂಟಿಗೆ ಅದು ಕಾದು ನಿಧಾನಕ್ಕೆ ಬಾಗಿ ಕೊಂಡಿ ಬಿಡಿಸುತ್ತದೆ. ಅದು ಆತುರಪಡುವುದಿಲ್ಲ. ಎಂಸಿಬಿ ಮೇಲೆ ಬರೆದ ಆಂಪ್ ಅಂಕೆಯ 1.13 ಪಟ್ಟು ಕರೆಂಟು ಹರಿದರೆ ಒಂದು ಗಂಟೆಯೊಳಗೆ ಬೀಳಬಾರದು, 1.45 ಪಟ್ಟು ಹರಿದರೆ ಗಂಟೆಯೊಳಗೆ ಬೀಳಲೇಬೇಕು ಅಂತ ಅಂತರರಾಷ್ಟ್ರೀಯ ನಿಯಮ. 16ರದ್ದಾದರೆ 18 ಆಂಪ್ ಮತ್ತು 23 ಆಂಪ್. ಅಂದರೆ 22 ಆಂಪಿಗೆ ಮುಕ್ಕಾಲು ಗಂಟೆಯಲ್ಲಿ ಬೀಳುತ್ತಿದ್ದ ಆ ಹಳೇ ಎಂಸಿಬಿ ಚಾಚೂ ತಪ್ಪದೆ ತನ್ನ ಕೆಲಸ ಮಾಡುತ್ತಿತ್ತು. 32ರದ್ದು 36 ಆಂಪ್ ಹರಿದರೂ ಒಂದು ಗಂಟೆ ಸುಮ್ನೆ ನೋಡುತ್ತಾ ಕೂರುತ್ತದೆ. ಕೂರಬೇಕು, ಅದರ ನಿಯಮವೇ ಹಾಗೆ. 22 ಆಂಪ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಪ್ಲಗ್ ಬಾಕ್ಸ್ ಬಿಚ್ಚಿ ಒಂದು ವೈರನ್ನು ಬೆರಳಲ್ಲಿ ಬಗ್ಗಿಸಿದೆ. ಕೆಂಪು ವೈರು ಕಂದು ಬಣ್ಣಕ್ಕೆ ತಿರುಗಿತ್ತು. ಬಗ್ಗಿಸಿದ ಕಡೆ ಮೇಲಿನ ಸಿಪ್ಪೆ ಒಣಗಿದ ತೊಗಟೆಯಂತೆ ಪಟ್ ಅಂತ ಒಡೆದು ತಾಮ್ರ ಕಾಣಿಸಿತು. ಪಕ್ಕದ ಕಪ್ಪು ವೈರಿನದೂ ಅದೇ ಗತಿ. ನಡುವೆ ಒಂದು ಉಗುರಿನಷ್ಟು ಜಾಗ. ಅವತ್ತು ನಾನು ಹೋಗದೆ ಆ ಎರಡೂ ತಾವಾಗಿಯೇ ತಾಗಿ, ಪಕ್ಕದ ಪರದೆಗೆ ಕಿಡಿ ಹಾರಿದ್ದರೆ ನೀವು ಏನು ಬರೆಯುತ್ತಿದ್ದಿರಿ? ಶಾರ್ಟ್ ಸರ್ಕ್ಯೂಟ್ ಅಂತಲೇ ಅಲ್ವಾ? ಶಾರ್ಟು ಆ ಕತೆಯ ಕೊನೇ ಸಾಲು. ಮೊದಲ ಸಾಲು ಬರೆದವನು ಮೂರು ತಿಂಗಳ ಹಿಂದೆ ಎಂಸಿಬಿ ಬದಲಾಯಿಸಿ ಹೋದವನು. ಮಾಡಬೇಕಿದ್ದದ್ದು ಎಸಿಗೊಂದು, ಗೀಸರಿಗೊಂದು ಬೇರೆ ಲೈನು. ಗೋಡೆ ಕೊರೆಯಬೇಕು, ಎರಡು ದಿನದ ಕೆಲಸ. ಎಂಸಿಬಿ ಬದಲಾಯಿಸಲು ಐದು ನಿಮಿಷ.

ಓದುಗರಿಗೂ ಒಂದು ಮಾತು. ಎಂಸಿಬಿ ಹೇಗೆ ಬಿತ್ತು ಅಂತ ಗಮನಿಸಿದರೆ ಅರ್ಧ ರೋಗ ಗೊತ್ತಾಗುತ್ತದೆ. ಮೇಲೆತ್ತಿದ ಕೂಡಲೇ ಟಪ್ ಅಂತ ಬಿದ್ದರೆ ಹೆಚ್ಚಾಗಿ ಶಾರ್ಟು. ಮತ್ತೆ ಮತ್ತೆ ಎತ್ತಬೇಡಿ, ವೈರ್‌ಮನ್‌ನನ್ನು ಕರೆಯಿರಿ. ಅರ್ಧ ಗಂಟೆ ಓಡಿ ಬಿದ್ದರೆ ಲೋಡು ಜಾಸ್ತಿ. ಒಂದೆರಡು ನಿಮಿಷ ಆರಲು ಬಿಟ್ಟು, ಒಂದೊಂದೇ ಆಫ್ ಮಾಡಿ ನೋಡಿ. ಒಬ್ಬರು ಎಂಸಿಬಿ ಬೀಳದಿರಲಿ ಅಂತ ಅದರ ಹಿಡಿಗೆ ಟೇಪು ಸುತ್ತಿದ್ದರು! ಹಿಡಿ ಮೇಲೇ ಇತ್ತು, ಕರೆಂಟು ಮಾತ್ರ ಇರಲಿಲ್ಲ. ಹಿಡಿ ಹಿಡಿದರೂ ಒಳಗಿನ ಕೊಂಡಿ ಬಿಡಿಸಿಕೊಳ್ಳುವ ಹಾಗೆ ಅದನ್ನು ಮಾಡಿರುತ್ತಾರೆ. ಇನ್ನೊಬ್ಬರು ಎಂಸಿಬಿ ಮೇಲಿನ 6000 ಅನ್ನೋ ಅಂಕೆ ತೋರಿಸಿ 'ಇದು ಆರು ಸಾವಿರ ವಾಟ್ ತಡೆಯುತ್ತೆ' ಅಂದರು. ಅದು ವಾಟಲ್ಲ. ಅಷ್ಟು ಆಂಪಿನ ಶಾರ್ಟು ನುಗ್ಗಿದರೂ ಅದನ್ನು ಸುರಕ್ಷಿತವಾಗಿ ಕಡಿದುಹಾಕಬಲ್ಲದು ಅಂತ ಅರ್ಥ.

ಎಂಸಿಬಿಯ ಆಂಪ್ ಅಂಕೆಯ ಹಿಂದೆ ಬಿ, ಸಿ, ಡಿ ಅನ್ನೋ ಅಕ್ಷರ ಇರುತ್ತದಲ್ಲ, ಅಲ್ಲೂ ಆಟ ನಡೆಯುತ್ತದೆ. ಆ ಅಂಕೆಯ ಎಷ್ಟು ಪಟ್ಟು ಕರೆಂಟು ಹರಿದರೆ ಸುರುಳಿ ಎಚ್ಚರಗೊಳ್ಳಬೇಕು ಅಂತ ಆ ಅಕ್ಷರ ಹೇಳುತ್ತದೆ. ಬಿ ಆದರೆ 3ರಿಂದ 5 ಪಟ್ಟು, ಸಿ ಆದರೆ 5ರಿಂದ 10, ಡಿ ಆದರೆ 10ರಿಂದ 20. ಮೋಟರು ಶುರುವಾಗುವಾಗ ಜಾಸ್ತಿ ಎಳೆಯುತ್ತದೆ, ಅದಕ್ಕೆ ಸಿ ಬೇಕಾಗುತ್ತದೆ, ಕೆಲವು ಕಡೆ ಡಿ. ಆದರೆ ಬೀಳುವ ಕಿರಿಕಿರಿ ತಪ್ಪಲಿ ಅಂತ ಎಲ್ಲದಕ್ಕೂ ಡಿ ಹಾಕಿದರೆ? ಉದ್ದದ ತೆಳು ವೈರಿನ ತುದಿಯಲ್ಲಿ ಶಾರ್ಟಾದರೆ ವೈರಿನ ತಡೆಯಿಂದಲೇ ಕರೆಂಟು ತಗ್ಗುತ್ತದೆ. ಹೋಗಿ ಬರುವ ದಾರಿಯ ತಡೆ 2 ಓಮ್ ಇದ್ದರೆ 230ಕ್ಕೆ ಬರುವುದು 115 ಆಂಪ್ ಅಷ್ಟೇ. 16ರ ಬಿ ಎಂಸಿಬಿ 80ಕ್ಕೇ ಬೀಳುತ್ತದೆ. 16ರ ಡಿ ಎಂಸಿಬಿಯ ಸುರುಳಿಗೆ ಕಡಿಮೆ ಅಂದರೂ 160 ಬೇಕು. ಅದು ಅಲುಗುವುದೇ ಇಲ್ಲ. ಪಟ್ಟಿ ಕಾದು ಬಾಗುವವರೆಗೆ ಆ ಕಿಡಿ ಹಾಗೇ ಉರಿಯುತ್ತಿರುತ್ತದೆ.

ಎಂಸಿಬಿ ಇದ್ದರೆ ಎಲ್ಲಾ ಕ್ಷೇಮ ಅಂತಲೂ ನಾನು ಹೇಳುತ್ತಿಲ್ಲ. ಸಡಿಲವಾದ ಸ್ಕ್ರೂ ಅದರ ಕಣ್ಣಿಗೆ ಬೀಳುವುದಿಲ್ಲ. 9 ಆಂಪ್ ಗೀಸರಿನ ಲೈನಿನಲ್ಲಿ ಒಂದು ಟರ್ಮಿನಲ್ ಸಡಿಲವಿದ್ದರೆ ಹರಿಯುವುದು 9 ಆಂಪೇ, ಜಾಸ್ತಿ ಏನಿಲ್ಲ. ಎಂಸಿಬಿ ಲೆಕ್ಕದಲ್ಲಿ ಎಲ್ಲಾ ಸರಿ. ಆ ಒಂದು ಚುಕ್ಕೆಯಲ್ಲಿ ಮಾತ್ರ ಪ್ಲಗ್ಗು ಕಾದು ಕರಗುತ್ತಿರುತ್ತದೆ. ನಾನು ಬಿಚ್ಚಿದ ಸುಟ್ಟ ಪ್ಲಗ್ಗುಗಳಲ್ಲಿ ಹೆಚ್ಚಿನವು ಇಂಥವೇ. ಹಾಗೆಯೇ ಆರ್‌ಸಿಸಿಬಿ ಅನ್ನೋ ಇನ್ನೊಂದು ಬ್ರೇಕರ್. ಅದು ಸೋರುವ ಕರೆಂಟನ್ನು ಹಿಡಿಯುತ್ತದೆ. 30 ಮಿಲಿಆಂಪ್ ಮೈಮೇಲೆ ಹರಿದರೂ ಬೀಳುತ್ತದೆ, ಜೀವ ಉಳಿಸುತ್ತದೆ. ಆದರೆ ಬರೀ ಆರ್‌ಸಿಸಿಬಿ ಓವರ್‌ಲೋಡ್ ನೋಡುವುದಿಲ್ಲ. ಎರಡೂ ಬೇಕು.

ಹಾಗಾಗಿ ಸಂಪಾದಕರೇ, ನನ್ನದೊಂದು ಬೇಡಿಕೆ. ನಿಮ್ಮ ವರದಿಗಾರರು ಸುಟ್ಟ ಜಾಗಕ್ಕೆ ಹೋದಾಗ ಇನ್ನೂ ಒಂದೆರಡು ಮಾತು ಕೇಳಲಿ. ಆ ಲೈನಿಗೆ ಎಷ್ಟು ಆಂಪಿನ ಎಂಸಿಬಿ ಇತ್ತು, ವೈರು ಎಷ್ಟರದ್ದು? ಎಂಸಿಬಿ ಬಿದ್ದಿತ್ತಾ, ಮೇಲೇ ಇತ್ತಾ? ಇತ್ತೀಚೆಗೆ ಯಾರಾದರೂ ಬದಲಾಯಿಸಿದ್ದರಾ? ಉತ್ತರ ಸಿಗದಿದ್ದರೆ 'ಕಾರಣ ಇನ್ನೂ ಗೊತ್ತಾಗಿಲ್ಲ' ಅಂತ ಬರೆಯಿರಿ. ಅದನ್ನು ಓದಿದ ಹತ್ತು ಜನರಲ್ಲಿ ಒಬ್ಬರಾದರೂ ಎದ್ದು ಹೋಗಿ ತಮ್ಮ ಮನೆ ಡಬ್ಬಿ ತೆರೆದು ಅಂಕೆ ನೋಡಿಯಾರು.

ಆ ಮನೆಯಿಂದ ಕಿತ್ತ ಕಂದು ವೈರಿನ ಒಂದು ತುಂಡು ನನ್ನ ಚೀಲದಲ್ಲಿದೆ. ಯಾರಾದರೂ 'ದೊಡ್ಡದು ಹಾಕಿಬಿಡಿ' ಅಂದರೆ ಅದನ್ನು ಕೈಗೆ ಕೊಟ್ಟು ಬಗ್ಗಿಸಿ ನೋಡಿ ಅನ್ನುತ್ತೇನೆ. ಒಬ್ಬೊಬ್ಬರು ಬಗ್ಗಿಸಿದಾಗಲೂ ಸ್ವಲ್ಪ ಸಿಪ್ಪೆ ಉದುರುತ್ತದೆ. ಶುರುವಿನಲ್ಲಿ ಮೊಳದುದ್ದ ಇತ್ತು. ಈಗ ಸಿಪ್ಪೆ ಉಳಿದಿರುವುದು ಬೆರಳುದ್ದ.

ಇತಿ,
ಒಬ್ಬ ವೈರ್‌ಮನ್