ಚಿಗವ್ವ ಬರೆಸಿದ ಲೆಕ್ಕ

ಮೊನ್ನೆಯ ಕೂಟದಲ್ಲಿ ಹತ್ತು ತಡೆಗಳನ್ನು ಹಾರಿ ದಾಟುವ 400 ಮೀಟರ್ ಹರ್ಡಲ್ಸ್ ಓಟವನ್ನು 64.8 ಸೆಕೆಂಡುಗಳಲ್ಲಿ ಮುಗಿಸಿದೆ. ಕಳೆದ ವರ್ಷ ಇದೇ ಓಟದಲ್ಲಿ ಬಿದ್ದು ಮಂಡಿಗೆ ಪೆಟ್ಟು ಮಾಡಿಕೊಂಡಿದ್ದೆ. ಕೊಪ್ಪಳದ ಅಪ್ಪ-ಅವ್ವನಿಗೆ, ತರಬೇತುದಾರರಿಗೆ, ಬಳ್ಳಾರಿಯ ಗೆಳತಿಯರಿಗೆ, ಕೇಳದೆಯೇ ಬಸ್ ಚಾರ್ಜು ಕೊಡುತ್ತಿದ್ದ ಸೋದರಮಾವನಿಗೆ ನಾನು ಋಣಿ.

ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಚಿಗವ್ವನ ಋಣ ಮಾತ್ರ ಒಂದು ಸಾಲಿನಲ್ಲಿ ತೀರುವಂಥದ್ದಲ್ಲ.

ಕಳೆದ ವರ್ಷ ನಾನು ಹರ್ಡಲ್ ತಾಗಿ ಬಿದ್ದ ಮರುದಿನ ಪತ್ರಿಕೆಯೊಂದರಲ್ಲಿ ನನ್ನ ಚಿತ್ರ ಬಂದಿತ್ತು: ಧೂಳು ಮೆತ್ತಿದ ಮುಖ, ಮೇಲೆ ಸರಿದ ಅಂಗಿ, ‘ಕಣ್ಣೀರಿಟ್ಟ ಚೆಲುವೆ’ ಎಂಬ ಶೀರ್ಷಿಕೆ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ ಎಂಬ, ನಮ್ಮವರು ಯಾರೂ ಆಡದ ಮಾತೂ ಅದರಲ್ಲಿತ್ತು. ಸಂಜೆಯೊಳಗೆ ಆ ಚಿತ್ರ ಊರಿನ ವಾಟ್ಸ್‌ಆ್ಯಪ್ ಗುಂಪುಗಳನ್ನೆಲ್ಲ ಸುತ್ತಿ ಅಪ್ಪನ ಫೋನಿಗೂ ಬಂತು. ನಾನು ಚೀಲ ಕಟ್ಟಿದೆ. ಸತ್ತರೂ ಮತ್ತೆ ಮೈದಾನಕ್ಕೆ ಕಾಲಿಡುವುದಿಲ್ಲ ಎಂದು ಅತ್ತೆ.

ಆ ರಾತ್ರಿ ಚಿಗವ್ವ ಮನೆಗೆ ಹೋಗಲಿಲ್ಲ. ಓದಲು ಬಾರದ ಅವರು ಮರುದಿನದ ರೊಟ್ಟಿಗೆಂದು ಜೋಳದ ಹಿಟ್ಟು ಸಾಣಿಸುತ್ತ, ಇಡೀ ಸುದ್ದಿಯನ್ನು ನನ್ನಿಂದಲೇ ಓದಿಸಿ, “ಎಷ್ಟು ಹರ್ಡಲ್ ದಾಟಿದ ಮ್ಯಾಲ ಬಿದ್ದಿ ಅಂತ ಬರದಾರೇನವಾ?” ಎಂದು ಕೇಳಿದರು. ಬರೆದಿರಲಿಲ್ಲ. ಹತ್ತರಲ್ಲಿ ಎಂಟನ್ನು ದಾಟಿ ಒಂಬತ್ತನೆಯದಕ್ಕೆ ಬಿದ್ದಿದ್ದೆ. “ಹಂಗಾರ ನೀನ ಬರಿ” ಎಂದು ಸೀಮೆಸುಣ್ಣ ಕೊಟ್ಟು, ಉಗ್ರಾಣದ ಬಾಗಿಲಿನ ಮೇಲೆ 8 ಎಂದು ಬರೆಸಿದರು. ಕಾಲು ಗುಣವಾದ ಮೇಲೆ ಪ್ರತಿ ವಾರದ ಸಮಯವನ್ನೂ ಅಲ್ಲಿಯೇ ಬರೆಸಿದರು.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ ಕಂಚಿನ ಪದಕ ಕಳೆದುಕೊಂಡದ್ದು ಇದೇ ಸ್ಪರ್ಧೆಯಲ್ಲಿ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಅಂಥ ಲೆಕ್ಕದ ಆಟವನ್ನು ಆಡುವ ಹೆಣ್ಣುಮಕ್ಕಳ ಕುರಿತು ಬರೆಯುವಾಗ ಗಡಿಯಾರವನ್ನು ಬಿಟ್ಟು ಮೈಯನ್ನು, ಮದುವೆಯನ್ನು ನೋಡುವುದೇಕೆ? 2016ರಲ್ಲಿ ಸಾನಿಯಾ ಮಿರ್ಜಾ ಅವರಿಗೆ ಟಿವಿ ಸಂದರ್ಶನದಲ್ಲಿ ತಾಯ್ತನದ ಪ್ರಶ್ನೆ ಎದುರಾಯಿತು. 2017ರಲ್ಲಿ ಕ್ರಿಕೆಟ್ ಆಟಗಾರ್ತಿ ಮಿಥಾಲಿ ರಾಜ್ ಅವರಿಗೆ ನೆಚ್ಚಿನ ಪುರುಷ ಆಟಗಾರ ಯಾರೆಂದು ಕೇಳಿದಾಗ, ಪುರುಷರಿಗೂ ಹೀಗೆ ಕೇಳುತ್ತೀರಾ ಎಂದು ಅವರು ಮರುಪ್ರಶ್ನೆ ಹಾಕಬೇಕಾಯಿತು. ಅಂಥವರಿಗೇ ಬಿಡದ ಕಾಟ ನನಗೆ ತಪ್ಪೀತೆ ಎಂದು ಆಗ ಅನ್ನಿಸಿತ್ತು. ತಪ್ಪಬೇಕು ಎಂದು ಈಗ ಅನ್ನಿಸುತ್ತದೆ.

ಮೊನ್ನೆಯ ಓಟದ ಸಮಯವನ್ನು ಮೊದಲ ಸಾಲಿನಲ್ಲೇ ಬರೆದ, ಹರ್ಡಲ್ ದಾಟುತ್ತಿರುವ ಚಿತ್ರವನ್ನೇ ಆರಿಸಿದ ವರದಿಗಾರರ ಪರಿಚಯ ನನಗಿಲ್ಲ. ಅವರಿಗೂ ನನ್ನ ನಮಸ್ಕಾರ. ಅದನ್ನು ಚಿಗವ್ವನಿಗೆ ಎರಡು ಸಲ ಓದಿ ಹೇಳಿದೆ. ಬಾಗಿಲಿನಲ್ಲಿ ಜಾಗವಿಲ್ಲದ್ದರಿಂದ 64.8 ಅನ್ನು ಚೌಕಟ್ಟಿನ ಮೇಲೆ ಬರೆಸಿದ್ದಾರೆ.