ರಾಕ್ ದಂತಕಥೆಗಳನ್ನು ಬರೆಯಹೊರಟ ತಮ್ಮನಿಗೆ

ಪ್ರೀತಿಯ ತಮ್ಮ,

'27ರ ಶಾಪ' ಅಂತ ನೀನು ಕಳಿಸಿದ ಕರಡು ಓದಿದೆ. ಭಾಷೆ ಚುರುಕಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಮುಗಿಸಿದ ಮೇಲೆ ಅದರಲ್ಲಿ ಬರುವ ಒಬ್ಬ ಮನುಷ್ಯನೂ ನನಗೆ ಪರಿಚಯವಾಗಲಿಲ್ಲ. ಬ್ರಯನ್ ಜೋನ್ಸ್, ಜಿಮಿ ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್, ಜಿಮ್ ಮಾರಿಸನ್, ಕರ್ಟ್ ಕೋಬೇನ್, ಏಮಿ ವೈನ್‌ಹೌಸ್. ಆರೂ ಜನ ಸಂಗೀತಗಾರರು 27ನೇ ವಯಸ್ಸಿಗೆ ಸತ್ತರು, ಅಷ್ಟೇ. ಅವರ ದುಡಿಮೆ ಹೇಗಿತ್ತು, ದುಡ್ಡು ಯಾರ ಕೈಗೆ ಹೋಗುತ್ತಿತ್ತು, ಮಾತ್ರೆ ಯಾರು ಬರೆದುಕೊಡುತ್ತಿದ್ದರು, ಅವರ ಅಕ್ಕಪಕ್ಕ ಇನ್ಯಾರು ನೋವು ತಿಂದರು, ಇದ್ಯಾವುದೂ ಇಲ್ಲ. ರಾಕ್ ಅಂಡ್ ರೋಲ್‌ನ ಕತ್ತಲ ಬಗ್ಗೆ ಬರೆಯಬೇಕು ಅಂದರೆ ನೀನು ಹೋಗಬೇಕಾದದ್ದು ಅಲ್ಲಿಗೇ. ದಂತಕಥೆ ನಮ್ಮನ್ನು ಅಲ್ಲಿಗೆ ಹೋಗಲು ಬಿಡುವುದಿಲ್ಲ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಮೊದಲು ಆ ಸಂಖ್ಯೆಯ ವಿಷಯ ಮುಗಿಸಿಬಿಡೋಣ. 1956ರಿಂದ 2007ರವರೆಗೆ ಬ್ರಿಟನ್ನಿನಲ್ಲಿ ಆಲ್ಬಮ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿದ 1,046 ಸಂಗೀತಗಾರರ ಆಯಸ್ಸನ್ನು ಸಂಶೋಧಕರು ಲೆಕ್ಕ ಹಾಕಿ, 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. 27ಕ್ಕೆ ವಿಶೇಷವೇನೂ ಕಾಣಲಿಲ್ಲ. ಕಂಡದ್ದು ಬೇರೆ: ಇಪ್ಪತ್ತು, ಮೂವತ್ತರ ಹರೆಯದಲ್ಲಿ ಇವರು ಸಾಯುವ ಸಾಧ್ಯತೆ ಅದೇ ವಯಸ್ಸಿನ ಉಳಿದವರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಅಂದರೆ ಅಪಾಯ ಇರುವುದು ಒಂದು ಹುಟ್ಟುಹಬ್ಬದಲ್ಲಲ್ಲ, ಆ ಬದುಕಿನಲ್ಲೇ. 2024ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇನ್ನೊಂದು ವಿಷಯ ತೋರಿಸಿದರು. 27ಕ್ಕೆ ಸತ್ತವರ ವಿಕಿಪೀಡಿಯ ಪುಟಗಳನ್ನು ಅಕ್ಕಪಕ್ಕದ ವಯಸ್ಸಿನಲ್ಲಿ ಸತ್ತವರ ಪುಟಗಳಿಗಿಂತ ಜಾಸ್ತಿ ಜನ ನೋಡುತ್ತಾರೆ. ಆ ವಯಸ್ಸಿಗೆ ಸತ್ತರು ಅನ್ನುವ ಕಾರಣಕ್ಕೇ ಹೆಸರು ದೊಡ್ಡದಾಗುತ್ತದೆ, ಹೆಸರು ದೊಡ್ಡದಾದಷ್ಟೂ ಶಾಪ ನಿಜ ಅನ್ನಿಸುತ್ತದೆ.

ಬೇಕಾದರೆ ಕೂತಲ್ಲೇ '32ರ ಶಾಪ'ವನ್ನೂ ಕಟ್ಟಬಹುದು. ಗಾಯಕಿ ಕ್ಯಾಸ್ ಎಲಿಯಟ್ 1974ರಲ್ಲಿ, ಡ್ರಮ್ಮರ್ ಕೀತ್ ಮೂನ್ 1978ರಲ್ಲಿ, ಇನ್ನೊಬ್ಬ ಡ್ರಮ್ಮರ್ ಜಾನ್ ಬೋನಮ್ 1980ರಲ್ಲಿ ಸತ್ತಾಗ ಮೂವರಿಗೂ 32. ಕ್ಯಾಸ್ ಮತ್ತು ಮೂನ್ ಸತ್ತದ್ದಂತೂ ಲಂಡನ್ನಿನ ಮೇಫೇರ್‌ನ ಒಂದೇ ಫ್ಲಾಟಿನಲ್ಲಿ, ಗಾಯಕ ಹ್ಯಾರಿ ನಿಲ್ಸನ್‌ಗೆ ಸೇರಿದ ಮನೆಯಲ್ಲಿ. ಮೈ ಜುಮ್ಮೆನ್ನಿಸುವ ಕಥೆಗೆ ಇಷ್ಟು ಸಾಕು. ಆದರೆ ಮೂನ್ ಸತ್ತದ್ದು ಕುಡಿತ ಬಿಡಲೆಂದು ವೈದ್ಯರು ಕೊಟ್ಟ ಮಾತ್ರೆಗಳು ಅತಿಯಾಗಿ. ಕ್ಯಾಸ್ ಸತ್ತದ್ದು ಹೃದಯಾಘಾತದಿಂದ. ಎರಡಕ್ಕೂ ಸಂಬಂಧವಿಲ್ಲ.

ಕ್ಯಾಸ್ ವಿಷಯವನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ: 'ಹ್ಯಾಮ್ ಸ್ಯಾಂಡ್‌ವಿಚ್ ಗಂಟಲಿಗೆ ಸಿಕ್ಕಿ ಸತ್ತಳು.' ಈ ಸಾಲನ್ನು ದಯವಿಟ್ಟು ತೆಗೆದುಹಾಕು. ಮರಣೋತ್ತರ ಪರೀಕ್ಷೆಯಲ್ಲಿ ಆಕೆಯ ಗಂಟಲಲ್ಲಿ ಯಾವ ಆಹಾರವೂ ಸಿಗಲಿಲ್ಲ. ಹಾಸಿಗೆಯ ಪಕ್ಕ ಒಂದು ಸ್ಯಾಂಡ್‌ವಿಚ್ ಇತ್ತು, ಅದನ್ನು ಮುಟ್ಟಿರಲೇ ಇಲ್ಲ. ಆಕೆಗೆ ಪರಿಚಯವಿದ್ದ ಪತ್ರಕರ್ತೆ ಸೂ ಕ್ಯಾಮರನ್ ಎಷ್ಟೋ ವರ್ಷಗಳ ನಂತರ ಬಾಯಿಬಿಟ್ಟರು: ಹಾಗೆ ಬರೆಯಿರಿ ಅಂತ ಕೇಳಿಕೊಂಡದ್ದು ಕ್ಯಾಸ್‌ಳ ಮ್ಯಾನೇಜರ್. ಡ್ರಗ್ಸ್ ಮಾತು ಏಳಬಾರದು ಅನ್ನುವುದು ಆತನ ಯೋಚನೆ. ಆತ ಕೆಟ್ಟದ್ದು ಬಯಸಿದ ಅಂತಲೂ ಹೇಳಲಾಗದು. ಆದರೆ ಆದದ್ದೇನು ನೋಡು. ತೂಕ ಇಳಿಸಿಕೊಳ್ಳಲು ಮತ್ತೆ ಮತ್ತೆ ಕಠಿಣ ಉಪವಾಸ ಮಾಡಿ ದೇಹವನ್ನು ದಂಡಿಸಿದ್ದ ಹೆಂಗಸನ್ನು ಜಗತ್ತು ತಿಂದು ಸತ್ತವಳು ಅಂತ ನೆನಪಿಟ್ಟುಕೊಂಡಿತು. ಲಂಡನ್ನಿನ ಪಲೇಡಿಯಂ ರಂಗಮಂದಿರದಲ್ಲಿ ಎರಡು ವಾರ ಒಬ್ಬಳೇ ನಿಂತು ಹಾಡಿ ಗೆದ್ದ ಸಂತೋಷದಲ್ಲಿ ಮಲಗಿದ್ದಳು ಅನ್ನುವುದು ಯಾರಿಗೂ ನೆನಪಿಲ್ಲ. ಆಗ ಅವಳ ಮಗಳಿಗೆ 7 ವರ್ಷ. ಆ ಮಗು ಬೆಳೆದದ್ದು ತಾಯಿಯ ಸಾವಿನ ಬಗ್ಗೆ ಕಂಡಕಂಡವರು ಮಾಡುವ ತಮಾಷೆ ಕೇಳುತ್ತಾ. 2024ರಲ್ಲಿ ಆಕೆ ತಾಯಿಯ ಬಗ್ಗೆ ಒಂದು ಪುಸ್ತಕವನ್ನೇ ಬರೆದಳು. ಒಂದು ಸುಳ್ಳು ಸಾಲು ಬರೆಯಲು ಎಷ್ಟು ಹೊತ್ತು ಬೇಕು, ಅದನ್ನು ಅಳಿಸಲು ಎಷ್ಟು ವರ್ಷ ಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಉದಾಹರಣೆ ಗೊತ್ತಿಲ್ಲ.

ನಿನ್ನ ಬರಹ ಶುರುವಾಗುವುದು ರಾಬರ್ಟ್ ಜಾನ್ಸನ್‌ನಿಂದ. ಮಧ್ಯರಾತ್ರಿ, ನಾಲ್ಕು ದಾರಿ ಕೂಡುವ ಜಾಗ, ಸೈತಾನನಿಗೆ ಆತ್ಮ ಮಾರಿ ಗಿಟಾರ್ ವಿದ್ಯೆ ಪಡೆದ ಬ್ಲೂಸ್ ಹಾಡುಗಾರ. ಇದೇ ಕಥೆಯನ್ನು ಅವನಿಗಿಂತ ಮೊದಲು ಟಾಮಿ ಜಾನ್ಸನ್ ಅನ್ನುವ ಇನ್ನೊಬ್ಬನ ಬಗ್ಗೆ ಹೇಳುತ್ತಿದ್ದರು. ರಾಬರ್ಟ್‌ಗೆ ಕಲಿಸಿದ್ದು ಐಕ್ ಜಿಮರ್‌ಮನ್ ಎಂಬ ಗಿಟಾರ್ ವಾದಕ. ರಾತ್ರಿ ಹೊತ್ತು ಇಬ್ಬರೂ ಸ್ಮಶಾನದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರಂತೆ, ಅಲ್ಲಿ ಬೈಯುವವರು ಯಾರೂ ಇರಲಿಲ್ಲ. ಒಬ್ಬ ಕಪ್ಪು ಯುವಕ ಗುರುವಿನ ಹತ್ತಿರ ಕೂತು, ಬೆರಳು ಸವೆಸಿ ಕಲಿತ ಅನ್ನುವುದನ್ನು ಒಪ್ಪುವುದಕ್ಕಿಂತ ಸೈತಾನನನ್ನು ನಂಬುವುದು ಜನಕ್ಕೆ ಸುಲಭವಾಯಿತು. ಅವನು 1938ರ ಆಗಸ್ಟ್ 16ರಂದು ಸತ್ತ. ಮರಣ ಪತ್ರದಲ್ಲಿ ಸಾವಿನ ಕಾರಣ ಬರೆಯುವ ಜಾಗದಲ್ಲಿ ಇರುವುದು 'ವೈದ್ಯರಿಲ್ಲ' ಅನ್ನುವ ಮಾತು. ಅಂದಿನ ಮಿಸಿಸಿಪ್ಪಿಯಲ್ಲಿ ಬಡ ಕಪ್ಪು ಮನುಷ್ಯನ ಪಾಡು ಏನಿತ್ತು ಅಂತ ತಿಳಿಯಲು ಆ ಒಂದು ಕಾಗದ ಸಾಕು. ನಿನ್ನ ಬರಹವನ್ನು ಅಲ್ಲಿಂದ ಶುರು ಮಾಡಬಹುದಲ್ವಾ?

ರಾಕ್ ಗಾಯಕ ಬಡ್ಡಿ ಹಾಲಿಯದೂ ಹಾಗೆಯೇ. 1959ರ ಫೆಬ್ರವರಿ 3ರಂದು ಅವನು ಸತ್ತ ವಿಮಾನ ಅಪಘಾತವನ್ನು ನೀನು 'ವಿಧಿಯ ಆಟ' ಅಂದಿದ್ದೀಯ. ನಾಣ್ಯ ಚಿಮ್ಮಿ ಆ ವಿಮಾನದಲ್ಲಿ ಸೀಟು ಗೆದ್ದ ಗಾಯಕ ರಿಚಿ ವ್ಯಾಲೆನ್ಸ್‌ನ ಕಥೆ ಎಲ್ಲರೂ ಬರೆಯುತ್ತಾರೆ. ನೀನು ಅವರ ಪ್ರವಾಸದ ಬಸ್ಸಿನ ಕಥೆ ಬರಿ. ಅಮೆರಿಕದ ಉತ್ತರದ ಕೊರೆಯುವ ಚಳಿಯಲ್ಲಿ 24 ದಿನಕ್ಕೆ 24 ಊರು. ಊರುಗಳ ಕ್ರಮಕ್ಕೆ ತಲೆಬುಡವಿಲ್ಲ, ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಬಸ್ಸುಗಳು ಒಂದಾದ ಮೇಲೊಂದು ಕೆಟ್ಟವು, ಒಳಗಿನ ಹೀಟರ್ ಸತ್ತುಹೋಯಿತು. ಡ್ರಮ್ಮರ್‌ನ ಪಾದ ಚಳಿಗೆ ಹೆಪ್ಪುಗಟ್ಟಿ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಹಳೆಯ ಮ್ಯಾನೇಜರ್ ಜೊತೆ ಜಗಳವಾಗಿ ದುಡ್ಡು ಸಿಕ್ಕಿಹಾಕಿಕೊಂಡಿದ್ದರಿಂದ ಹಾಲಿಗೆ ಈ ಪ್ರವಾಸ ಬೇಕಿತ್ತು, ಮನೆಯಲ್ಲಿ ಹೆಂಡತಿ ಗರ್ಭಿಣಿ. ಅವನು ಆ ಪುಟ್ಟ ವಿಮಾನ ಬಾಡಿಗೆಗೆ ತಗೊಂಡದ್ದು ಶೋಕಿಗಲ್ಲ. ಮುಂದಿನ ಊರಿಗೆ ಬೇಗ ಹೋಗಿ ಸ್ವಲ್ಪ ನಿದ್ದೆ ಮಾಡಿ, ಬಟ್ಟೆ ಒಗೆಸಿಕೊಳ್ಳಬೇಕು ಅನ್ನುವುದು ಅವನ ಆಸೆ. ಅವನಿಗೆ 22, ರಿಚಿಗೆ 17, ಪೈಲಟ್‌ಗೆ 21. ಅಷ್ಟಾದರೂ ಅದೇ ರಾತ್ರಿ ಮೂರ್‌ಹೆಡ್ ಊರಿನಲ್ಲಿ ಕಾರ್ಯಕ್ರಮ ನಡೆಯಿತು, ಪ್ರವಾಸ ಮುಂದುವರಿಯಿತು. ಹೆಂಡತಿಗೆ ಗಂಡ ಸತ್ತ ವಿಷಯ ಗೊತ್ತಾದದ್ದು ಟಿವಿ ಸುದ್ದಿಯಿಂದ. ಅವಳ ಗರ್ಭ ನಿಲ್ಲಲಿಲ್ಲ.

ಎಲ್ವಿಸ್ ಬಗ್ಗೆ ಹೊಸದಾಗಿ ಹೇಳುವುದು ಕಡಿಮೆ. ಅವನು ಸತ್ತ 1977ರ ಮೊದಲ ಎಂಟು ತಿಂಗಳಲ್ಲೇ ಅವನ ಹೆಸರಿಗೆ 10,000ಕ್ಕೂ ಹೆಚ್ಚು ಡೋಸ್ ಮಾತ್ರೆಗಳನ್ನು ವೈದ್ಯರೊಬ್ಬರು ಬರೆದಿದ್ದರು ಅನ್ನುವುದನ್ನು ಮಾತ್ರ ಬಿಡಬೇಡ. ಆ ವೈದ್ಯರನ್ನು 1981ರಲ್ಲಿ ನ್ಯಾಯಾಲಯ ಖುಲಾಸೆ ಮಾಡಿತು, ಅವರ ಪರವಾನಗಿ ಕಾಯಂ ರದ್ದಾದದ್ದು 1995ರಲ್ಲಿ. ಎರಡನ್ನೂ ಬರಿ. ಒಂದನ್ನು ಬರೆದು ಒಂದನ್ನು ಬಿಟ್ಟರೆ ಅದೂ ಸುಳ್ಳೇ.

ನನಗೆ ತುಂಬ ನೋವು ಕೊಡುವ ಕಥೆ ಬ್ಯಾಡ್‌ಫಿಂಗರ್ ತಂಡದ್ದು. ವೇಲ್ಸ್‌ನ ಸ್ವಾನ್ಸಿಯಿಂದ ಬಂದ ಪೀಟ್ ಹ್ಯಾಮ್, ಜೊತೆಗಾರ ಟಾಮ್ ಇವಾನ್ಸ್ ಸೇರಿ 'ವಿದೌಟ್ ಯು' ಅನ್ನುವ ಹಾಡು ಬರೆದರು. 1972ರಲ್ಲಿ ಹ್ಯಾರಿ ನಿಲ್ಸನ್ ಅದನ್ನು ಹಾಡಿ ಅಮೆರಿಕ, ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೆ ಏರಿದ. 1994ರಲ್ಲಿ ಮರಾಯ ಕ್ಯಾರಿ ಹಾಡಿದಾಗ ಮತ್ತೆ ಜಗತ್ತಿಡೀ ಗುನುಗಿತು. ಬರೆದವರಿಗೆ ಏನು ಸಿಕ್ಕಿತು? ತಂಡದ ವ್ಯವಹಾರವೆಲ್ಲ ನ್ಯೂಯಾರ್ಕಿನ ಮ್ಯಾನೇಜರ್ ಕೈಯಲ್ಲಿತ್ತು. ಮುಂಗಡ ಹಣದ ಲೆಕ್ಕ ಸಿಗದೆ 1974ರ ಕೊನೆಗೆ ರೆಕಾರ್ಡ್ ಕಂಪನಿ ಕೋರ್ಟಿಗೆ ಹೋಯಿತು. ಹೊಸ ಆಲ್ಬಮ್ ಅಂಗಡಿಗಳಿಂದ ವಾಪಸ್ ಹೋಯಿತು, ತಂಡದವರ ಸಂಬಳ ನಿಂತುಹೋಯಿತು. 1975ರ ಏಪ್ರಿಲ್ 24ರಂದು ಪೀಟ್ ಹ್ಯಾಮ್ ತನ್ನ ಪ್ರಾಣ ತಾನೇ ತೆಗೆದುಕೊಂಡ. ಇನ್ನು ಮೂರು ದಿನ ಕಳೆದಿದ್ದರೆ 28 ತುಂಬುತ್ತಿತ್ತು. ಒಂದು ತಿಂಗಳಿಗೆ ಮಗಳು ಹುಟ್ಟಿದಳು. 1983ರಲ್ಲಿ, ಅದೇ ಹಾಡಿನ ರಾಯಲ್ಟಿಯ ಜಗಳ ಇನ್ನೂ ನಡೆಯುತ್ತಿರುವಾಗಲೇ, ಟಾಮ್ ಇವಾನ್ಸ್ ಕೂಡ ಹಾಗೆಯೇ ಹೋದ. 27ರ ಪಟ್ಟಿಯಲ್ಲಿ ಪೀಟ್ ಹೆಸರು ಇರುತ್ತದೆ, ಒಪ್ಪಂದದ ಕಾಗದದ ಸುದ್ದಿ ಇರುವುದಿಲ್ಲ. ಹಾಡು ಬರೆಯುವ ಹುಡುಗರು ನಿನ್ನ ಓದುಗರಲ್ಲೂ ಇದ್ದಾರೆ. ಅವರಿಗೆ ಶಾಪದ ಕಥೆಗಿಂತ, ಸಹಿ ಹಾಕುವ ಮುಂಚೆ ಏನು ಓದಬೇಕು ಅನ್ನುವ ಕಥೆ ಬೇಕು.

ಇಲ್ಲಿ ಒಂದು ಎಚ್ಚರ. ದುಡ್ಡು ಹೋಯಿತು, ಅದಕ್ಕೇ ಸತ್ತ ಅಂತ ನೇರ ಗೆರೆ ಎಳೆಯಬೇಡ. ಆತ್ಮಹತ್ಯೆಗೆ ಒಂದೇ ಕಾರಣ ಅಂತ ಇರುವುದಿಲ್ಲ. ಕರ್ಟ್ ಕೋಬೇನ್ ಭಾಗದಲ್ಲಿ ನೀನು ಹೇಗೆ ಸತ್ತ, ಪತ್ರದಲ್ಲಿ ಏನು ಬರೆದಿಟ್ಟ ಅನ್ನುವುದನ್ನೆಲ್ಲ ವಿವರವಾಗಿ ಕೊಟ್ಟಿದ್ದೀಯ. ಆ ಎರಡೂ ಪ್ಯಾರಾ ಹೋಗಲಿ. 1994ರ ಏಪ್ರಿಲ್‌ನಲ್ಲಿ ಅವನು ಸತ್ತಾಗ, ಅವನನ್ನು ನೋಡಿ ಹುಡುಗರು ಅದೇ ದಾರಿ ಹಿಡಿಯಬಹುದು ಅನ್ನುವ ಭಯ ಅವನಿದ್ದ ಸಿಯಾಟಲ್ ಊರಿಗೆಲ್ಲ ಇತ್ತು. ಅಲ್ಲಿಯ ಪತ್ರಿಕೆಗಳು ಬಹುಪಾಲು ಎಚ್ಚರದಿಂದ ಬರೆದವು, ಸಹಾಯವಾಣಿಯ ನಂಬರನ್ನು ಮತ್ತೆ ಮತ್ತೆ ಕೊಟ್ಟವು. ಆಮೇಲೆ ಅಧ್ಯಯನ ಮಾಡಿದವರಿಗೆ ಕಂಡದ್ದು, ಸಾವು ಏರಲಿಲ್ಲ, ಸಹಾಯವಾಣಿಗೆ ಬಂದ ಕರೆಗಳು ಏರಿದವು. ಬರಹಗಾರರ ಕೈಯಲ್ಲಿ ಇಷ್ಟು ಇದೆ ತಮ್ಮ, ಇದನ್ನು ಹಗುರಾಗಿ ತಗೋಬೇಡ. ನಮ್ಮಲ್ಲಿ ಟೆಲಿ ಮಾನಸ್ ಇದೆ, ನಂಬರ್ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ನಿನ್ನ ಬರಹದ ಕೊನೆಗೆ ಆ ನಂಬರ್ ಇರಲಿ.

ಇನ್ನು ನಿನ್ನ ಕರಡಿನಲ್ಲಿ ಹೆಸರೇ ಇಲ್ಲದವರು. ರಾಕ್ ಗಾಯಕ ಜೆರಿ ಲೀ ಲೂಯಿಸ್ 1957ರಲ್ಲಿ ಮದುವೆಯಾದದ್ದು 13 ವರ್ಷದ ಹುಡುಗಿಯನ್ನು. ಅದು ಬಯಲಾಗಿ ಬ್ರಿಟನ್ ಪ್ರವಾಸ ರದ್ದಾಯಿತು, ಅವನ ಹೆಸರು ಮಣ್ಣುಪಾಲಾಯಿತು ಅಂತ ಬರೆದಿದ್ದೀಯ. ಕಳೆದುಕೊಂಡವನು ಅವನು ಅನ್ನುವ ಹಾಗಿದೆ. ಆ ಹುಡುಗಿ ಏನು ಕಳೆದುಕೊಂಡಳು ಅಂತ ಒಂದು ಸಾಲೂ ಇಲ್ಲ. 2003ರಲ್ಲಿ ನಮ್ಮ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹಾಡಿ ಹೋದ ಅದೇ ರೋಲಿಂಗ್ ಸ್ಟೋನ್ಸ್ ತಂಡ, 1969ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯದ ಆಲ್ಟಮಾಂಟ್‌ನಲ್ಲಿ ಹಾಡುತ್ತಿದ್ದಾಗ ವೇದಿಕೆಯ ಮುಂದೆಯೇ ಇರಿತಕ್ಕೆ ಸಿಕ್ಕಿ ಸತ್ತ ಕಪ್ಪು ಹುಡುಗ ಮೆರಿಡಿತ್ ಹಂಟರ್. ಅವನಿಗೆ 18. 'ಒಂದು ಯುಗ ಮುಗಿದ ರಾತ್ರಿ' ಅಂತ ಎಲ್ಲರೂ ಬರೆದರು. ಅವನ ಗೋರಿಗೆ ಎಷ್ಟೋ ವರ್ಷ ಒಂದು ಹೆಸರಿನ ಕಲ್ಲೂ ಇರಲಿಲ್ಲ.

ಅಮೆರಿಕದ ಸಿನ್ಸಿನಾಟಿ ಊರಿನ ದುರಂತವನ್ನು ನೀನು ಪೂರ್ತಿ ಬಿಟ್ಟಿದ್ದೀಯ, ನನ್ನ ಪ್ರಕಾರ ಅದು ನಡುವಿನಲ್ಲೇ ಬರಬೇಕು. 1979ರ ಡಿಸೆಂಬರ್ 3, 'ದ ಹೂ' ತಂಡದ ಕಾರ್ಯಕ್ರಮ. ಹೆಚ್ಚಿನ ಟಿಕೆಟ್‌ಗಳಿಗೆ ಸೀಟ್ ನಂಬರ್ ಇಲ್ಲ, ಮೊದಲು ಓಡಿದವರಿಗೆ ಮುಂದಿನ ಜಾಗ. ಚಳಿಯಲ್ಲಿ ಸಾವಿರಾರು ಜನ ಹೊರಗೆ ಕಾದು ನಿಂತಿದ್ದಾರೆ, ತೆರೆದದ್ದು ಕೆಲವೇ ಬಾಗಿಲು. ಒಳಗಿನಿಂದ ಸದ್ದು ಕೇಳಿ, ಹಾಡು ಶುರುವಾಯಿತು ಅಂತ ಹಿಂದಿನವರು ಒತ್ತಿದರು. 11 ಜನ ನಿಂತಲ್ಲೇ ಉಸಿರುಕಟ್ಟಿ ಸತ್ತರು. ತಂಡದವರಿಗೆ ವಿಷಯ ಹೇಳಿದ್ದು ಕಾರ್ಯಕ್ರಮ ಮುಗಿದ ಮೇಲೆ. ಮರುದಿನದಿಂದ ಬೈಗುಳ ಬಿದ್ದದ್ದು 'ರಾಕ್ ಹುಚ್ಚು ಹಿಡಿದ ಹುಡುಗರ' ಮೇಲೆ. ಬಾಗಿಲಿನ ಲೆಕ್ಕ ಕೇಳಿದವರು ಕಡಿಮೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ 11 ಜನರನ್ನು ಕಳೆದುಕೊಂಡ ಊರಿನವನು ನೀನು. ಗೇಟಿನ ಮುಂದೆ ಏನಾಗುತ್ತದೆ ಅಂತ ನಾನು ನಿನಗೆ ವಿವರಿಸಬೇಕಾಗಿಲ್ಲ.

ಸಿನ್ಸಿನಾಟಿಯಲ್ಲಿ ಸತ್ತವರಲ್ಲಿ ತೀರ ಚಿಕ್ಕವರಿಗೆ 15 ವರ್ಷ. ಎಲ್ಲರಿಗಿಂತ ದೊಡ್ಡವಳಿಗೆ 27. ಆ ಹೆಂಗಸಿನ ಹೆಸರು ನಿನ್ನ 27ರ ಪಟ್ಟಿಯಲ್ಲೂ ಇಲ್ಲ, ಬೇರೆ ಯಾರ ಪಟ್ಟಿಯಲ್ಲೂ ನಾನು ನೋಡಿಲ್ಲ. ಸತ್ತವರಲ್ಲಿ ಮೂವರು ಓದಿದ ಫಿನ್ನಿಟೌನ್ ಶಾಲೆಯಲ್ಲಿ ಅವರ ನೆನಪಿಗೆ ವಿದ್ಯಾರ್ಥಿವೇತನ ಶುರುವಾಯಿತು. ತಂಡ ಆ ಊರಿಗೆ ಮತ್ತೆ ಬಂದು ಹಾಡಿದ್ದು 2022ರಲ್ಲಿ.

ಮುಂದಿನ ಕರಡಿಗೆ ಅವಸರ ಬೇಡ. ಎಲ್ಲರನ್ನೂ ತುರುಕಬೇಡ, ಮೂರು ಜನ ಸಾಕು, ಆದರೆ ಅವರು ಏನು ಉಂಡರು, ಎಲ್ಲಿ ಮಲಗಿದರು, ಯಾರಿಗೆ ಎಷ್ಟು ಕೊಡಬೇಕಿತ್ತು ಅನ್ನುವುದು ಸಿಗುವವರೆಗೆ ಹುಡುಕು. ಕಾಗದ ಸಿಗದ ಕಡೆ ಸುಮ್ನೆ ಊಹಿಸಿ ತುಂಬಿಸಬೇಡ, ಖಾಲಿ ಬಿಡು. ಹಾಡುಗಳನ್ನು ಮತ್ತೆ ಕೇಳು, ಬರೆಯುವಾಗ ಅಲ್ಲ, ಬರೆಯುವ ಮುಂಚೆ. ಸಿನ್ಸಿನಾಟಿಯ 11 ಜನರ ಹೆಸರು ಅಲ್ಲಿಯ ಸ್ಮಾರಕ ಫಲಕದ ಮೇಲಿದೆ. ಕನ್ನಡದಲ್ಲಿ ಆ ಹೆಸರುಗಳು ಒಂದು ಸಲವಾದರೂ ಅಚ್ಚಾಗಲಿ, ಹನ್ನೊಂದನ್ನೂ ಬರೆದು ಕಳಿಸು.

ಪ್ರೀತಿಯಿಂದ,
ನಿನ್ನ ಅಕ್ಕ